ಹಾಡು ನಿಲ್ಲಿಸುವವನ ಪಾತ್ರ

ಮಾರ್ಚ್ ೩, ಸೋಮವಾರ

ಒಪ್ಪಿಕೊಂಡೆ. ಇಂಥ ಹುಚ್ಚು ಸಿನಿಮಾಕ್ಕೆ ನಟರನ್ನು ಆರಿಸಿಕೊಡಲು ಈ ಊರಿನಲ್ಲಿ ನನ್ನನ್ನು ಬಿಟ್ಟರೆ ಬೇರೆ ಯಾರೂ ಇಲ್ಲ ಎಂದು ಆ ಹುಡುಗಿ ಹೇಳಿದಳು. ಹೊಗಳಿದಳು ಎಂದು ಒಪ್ಪಿದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವವರು ಈಗ ಕಡಿಮೆ, ಅದಕ್ಕೆ.

ಈ ನಿರ್ದೇಶಕಿಗೆ ಮನಸ್ಸಿನಲ್ಲೇ ಗುಬ್ಬಿ ಎಂದು ಹೆಸರಿಟ್ಟಿದ್ದೇನೆ. ಅಷ್ಟೇ ಗಾತ್ರ, ಗೂಡಿನಂಥ ಕೂದಲು, ಕುರ್ಚಿಯ ಅಂಚಿನಲ್ಲೇ ಕೂರುತ್ತಾಳೆ. ಚಿತ್ರದ ಕಥೆ ಇಷ್ಟು: ಲೋಕವೆಲ್ಲ ಬಲ್ಲ ಒಂದು ರಾಕ್ ಬ್ಯಾಂಡಿನ ಅಣಕ. ಬ್ಯಾಂಡಿನ ಹೆಸರು ಎಲ್ಲೂ ಎತ್ತಬೇಡಿ, ಕೇಸು ಬೀಳುತ್ತದೆ ಎಂದು ವಕೀಲರು ಹೇಳಿದ್ದಾರಂತೆ. ಹಾಗಾಗಿ ಇಲ್ಲೂ ಎತ್ತುವುದಿಲ್ಲ, ನನ್ನ ದಿನಚರಿಯನ್ನು ಯಾವ ವಕೀಲ ಓದುತ್ತಾನೋ ಯಾರಿಗೆ ಗೊತ್ತು. ನಾಲ್ಕು ಜನ ಒಂದು ಹಾಲಿನಲ್ಲಿ ಹಾಡಿನ ತಾಲೀಮಿಗೆ ನಿಂತಿದ್ದಾರೆ. ಡ್ರಮ್ ಬಾರಿಸುವವರು ‘ಒನ್, ಟೂ, ತ್ರೀ, ಫೋರ್’ ಎನ್ನುತ್ತಾರೆ. ಹಾಡು ಶುರುವಾಗಬೇಕು ಎನ್ನುವಷ್ಟರಲ್ಲಿ ಗಾಯಕ ನಿಲ್ಲಿಸುತ್ತಾನೆ. ಮತ್ತೆ ಎಣಿಕೆ, ಮತ್ತೆ ನಿಲ್ಲಿಸುತ್ತಾನೆ. ಸಿನಿಮಾ ಮುಗಿಯುವವರೆಗೂ ಇದೇ. ಹಾಡು ಶುರುವಾಗುವುದೇ ಇಲ್ಲ.

“ಜನ ಎದ್ದು ಹೋಗ್ತಾರಮ್ಮ” ಅಂದೆ.

“ಹೋಗಲಿ ಮೇಡಂ. ಉಳಿದೋರಿಗೆ ಅಂತಾನೇ ಮಾಡ್ತಿರೋದು” ಅಂದಳು.

ಮಾತು ಇಷ್ಟವಾಯಿತು. ಪಾತ್ರಗಳು ನಾಲ್ಕು. ಎಣಿಸುವ ಡ್ರಮ್ಮರ್, ಮುನಿಸಿಕೊಳ್ಳುವ ಗಿಟಾರಿನವನು, ಇದ್ದರೂ ಯಾರ ಕಣ್ಣಿಗೂ ಬೀಳದ ಬೇಸ್ ಗಿಟಾರಿನವನು, ಮತ್ತೆ ಹಾಡು ನಿಲ್ಲಿಸುವ ಗಾಯಕ. ಅಸಲಿ ಬ್ಯಾಂಡಿನವರ ಹೋಲಿಕೆ ಸುತರಾಂ ಕೂಡದು, ಗಂಡು ಹೆಣ್ಣು ಯಾರಾದರೂ ಆದೀತು, ವಾದ್ಯ ಬರಬೇಕೆಂದೂ ಇಲ್ಲ. ಇಪ್ಪತ್ತನಾಲ್ಕರಿಂದ ಚಿತ್ರೀಕರಣಕ್ಕೆ ಹಾಲ್ ಸಿಗುತ್ತದೆ, ಅಷ್ಟರಲ್ಲಿ ನಾಲ್ವರೂ ಬೇಕು. ನನಗೆ ಎರಡು ವಾರವೇ ಹೆಚ್ಚಾಯಿತು.

ಗುಬ್ಬಿಗೆ ನನ್ನ ಪದ್ಧತಿ ತೋರಿಸಿದೆ. ಆಫೀಸಿನಲ್ಲಿ ಇರುವುದೇ ಎರಡು ಕೋಣೆ. ಹೊರಗಿನದರಲ್ಲಿ ಬಂದವರು ಕಾಯುತ್ತಾರೆ. ನಡುಗೋಡೆಯಲ್ಲಿ ಒಂದು ಗಾಜು, ಅವರ ಕಡೆಯಿಂದ ಕನ್ನಡಿ, ನನ್ನ ಕಡೆಯಿಂದ ಕಿಟಕಿ. ಒಳಗೆ ಕರೆದು ಡೈಲಾಗ್ ಹೇಳಿಸುವುದೆಲ್ಲ ನೆಪ. ಕಾಯುವಾಗ ಮನುಷ್ಯ ನಟಿಸುವುದಿಲ್ಲ, ನಾನು ಆರಿಸುವುದು ಅಲ್ಲಿಯೇ. ಒಳಗೆ ಬಂದವರು ಎರಡು ಮಾತಾಡುವಷ್ಟರಲ್ಲಿ ಕನ್ನಡಕ ಹಣೆಗೇರಿಸಿ, ಅಂಗೈ ಎತ್ತಿ, “ತುಂಬಾ ಚೆನ್ನಾಗಿತ್ತು, ಆದರೆ…” ಎನ್ನುತ್ತೇನೆ. ‘ಆದರೆ’ ಆದ ಮೇಲೆ ಮತ್ತೇನೂ ಹೇಳಬೇಕಾಗಿ ಬಂದಿಲ್ಲ. ಜನಕ್ಕೆ ಅರ್ಥವಾಗುತ್ತದೆ, ಅವರ ಸಮಯವೂ ಉಳಿಯುತ್ತದೆ.

ಸಂಜೆ ನಮ್ಮನೆಯವರು ಸ್ಕೂಟರ್ ತಂದಿದ್ದರು. ಏಪ್ರಿಲ್ ಒಂದರಿಂದ ಇವರು ತನ್ನ ಪೇಂಟ್ ಅಂಗಡಿಯ ಕೌಂಟರಿಗೆ ಬರಲಿ ಎಂದು ನನ್ನಣ್ಣ ಒಪ್ಪಿದ್ದನ್ನು ದಾರಿಯಲ್ಲಿ ಹೇಳಿದೆ. ಅಂಗಡಿ ಬೆಳಗಿನಿಂದ ರಾತ್ರಿಯವರೆಗೆ, ಇನ್ನು ನಾಟಕ ಗೀಟಕ ನಿಂತ ಹಾಗೆ. ಆಗಲಿ, ಇವರಿಗೂ ವಯಸ್ಸು ಐವತ್ತೊಂದಾಯಿತು. ರಂಗದ ಮೇಲೆ ಬಾಗಿಲು ಕಾಯುವವನು, ಸೈನಿಕ, ಎರಡು ಸಲ ಹೆಣ, ಇಷ್ಟಕ್ಕೇ ಒಂದು ಆಯುಷ್ಯ ಸವೆಸಿದ್ದು ಸಾಕು. ಕೌಂಟರಿಗೆ ಹೇಳಿ ಮಾಡಿಸಿದ ಮುಖ ಇವರದು. ಇವರು ಏನೂ ಹೇಳಲಿಲ್ಲ. ಒಪ್ಪಿದರು ಎಂದೇ ಅರ್ಥ.

ಮಾರ್ಚ್ ೫, ಬುಧವಾರ

ಬೆಳಗ್ಗೆಯಿಂದ ವಿಗ್ಗುಗಳ ಮೆರವಣಿಗೆ. ಹೋಲಿಕೆ ಬೇಡ ಎಂದು ಎಷ್ಟು ಬಡಿದುಕೊಂಡರೂ ಕೇಳುವವರಿಲ್ಲ. ಒಬ್ಬನಂತೂ ಆ ಬ್ಯಾಂಡಿನ ಗಾಯಕನ ಹಾಗೆ ಕಾಣಲೆಂದು ಕಾಲೇಜಿನ ದಿನಗಳಿಂದ ಕೂದಲು ಬೆಳೆಸಿದ್ದಾನೆ. ಸ್ವಂತ ಕೂದಲು, ಎಳೆದು ನೋಡಿ ಎಂದ. ಎಳೆಯಲಿಲ್ಲ. “ತುಂಬಾ ಚೆನ್ನಾಗಿದೆ, ಆದರೆ…” ಅಂದೆ. ಅವನ ಮುಖ ಬಾಡಿತು, ಕೂದಲು ಮಾತ್ರ ಹಾಗೇ ಇತ್ತು.

ಡ್ರಮ್ಮರ್ ಸಿಕ್ಕಳು! ಹಲ್ಲಿನ ಡಾಕ್ಟರಮ್ಮ. ಕ್ಲಿನಿಕ್ಕಿನಲ್ಲಿ ದಿನವಿಡೀ ಬಾಯಿ ತೆರೆದವರನ್ನೇ ನೋಡಿ ಬೇಸರವಾಗಿ, ಸಿನಿಮಾಕ್ಕೆ ಜನ ಬೇಕಂತೆ ಎಂದು ಕೇಳಿ ಬಂದಾಕೆ. ಪಕ್ಕದಲ್ಲಿ ಕೂತವನೊಬ್ಬ ಒಂದೇ ಸಮನೆ ಕಾಲು ಕುಣಿಸುತ್ತಿದ್ದ. ಈಕೆ ಅವನ ಮೊಣಕಾಲಿನ ಮೇಲೆ ಕೈಯಿಟ್ಟು, “ಆಯ್ತು, ಇನ್ನೇನ್ ಆಗೇ ಹೋಯ್ತು” ಅಂದಳು. ಕಾಲು ನಿಂತಿತು. ನಾನು ಗಾಜಿನ ಈ ಕಡೆಯಿಂದ ಗುಬ್ಬಿಯ ತೋಳು ಹಿಡಿದೆ. ಒಳಗೆ ಬಂದು ಆಕೆ ‘ಒನ್, ಟೂ, ತ್ರೀ, ಫೋರ್’ ಎಂದಾಗ ನನ್ನ ದವಡೆ ತಾನಾಗಿ ಬಿಗಿಯಿತು. ಎಣಿಸಿದರೆ ಏನೋ ಕೀಳುತ್ತಾರೆ ಅನ್ನಿಸಬೇಕು, ಹಾಗೆ ಎಣಿಸಿದಳು.

ಮಾರ್ಚ್ ೮, ಶನಿವಾರ

ಗಿಟಾರಿನವನೂ ಆದ. ಈಜು ಕಲಿಸುವ ಕೋಚ್. ತನ್ನ ನಂತರ ಬಂದವನನ್ನು ನಾನು ಮೊದಲು ಕರೆದೆನೆಂದು ಕುರ್ಚಿ ತಿರುಗಿಸಿ ಗೋಡೆಗೆ ಮುಖ ಹಾಕಿ ಕೂತ. ಎಷ್ಟು ಹೊತ್ತು ಕೂರುತ್ತಾನೆ ನೋಡೋಣ ಎಂದು ಊಟದವರೆಗೂ ಕರೆಯಲಿಲ್ಲ. ಅಲುಗಲಿಲ್ಲ ಮಾರಾಯ. ಕೊನೆಗೆ ಪಾತ್ರ ನಿನ್ನದೇ ಅಂದಾಗಲೂ ಗೋಡೆಗೇ ಥ್ಯಾಂಕ್ಸ್ ಹೇಳಿದ.

ಇನ್ನು ಇಬ್ಬರು. ಆರಿಸದೆ ಬಿಟ್ಟವರಿಗೆ ಫೋನ್ ಮಾಡಿ ಮುಗಿಸುವಷ್ಟರಲ್ಲಿ ಕತ್ತಲಾಯಿತು. ಸಂಜೆಯ ಹೊತ್ತು ಹೊರಗಿನ ಕೋಣೆಯ ದೀಪ ಆರಿಸಿಬಿಡುತ್ತೇನೆ. ಅಲ್ಲಿ ನನ್ನನ್ನು ಕರೆದೊಯ್ಯಲು ಬಂದ ಇವರೊಬ್ಬರೇ ಇರುತ್ತಾರೆ, ಒಬ್ಬರಿಗೋಸ್ಕರ ಯಾಕೆ ಉರಿಸಬೇಕು. ನಾನು ಒಳಗೆ ಮೇಜಿನ ದೀಪ ಹಾಕಿಕೊಂಡು ಫೋನ್ ಮುಗಿಸುತ್ತೇನೆ. ಯಾರ ಮನಸ್ಸೂ ನೋಯದ ಹಾಗೆ ಬೇಡವೆನ್ನುವುದು ಸುಮ್ಮನೆ ಬರುವ ವಿದ್ಯೆಯಲ್ಲ.

ಮಾರ್ಚ್ ೧೧, ಮಂಗಳವಾರ

ಇವತ್ತು ಒಂದು ತಮಾಷೆ. ಐದೂವರೆಯ ಹೊತ್ತಿಗೆ ಗುಬ್ಬಿ ಗಾಜಿಗೆ ಮೂಗು ಒತ್ತಿ ನಿಂತವಳು ಹಾಗೇ ಪಿಸುಗುಟ್ಟಿದಳು.

“ಮೇಡಂ, ಮೂಲೇಲಿ ಕೂತಿರೋರು ಯಾರು? ಆವಾಗಿಂದ ಅಲ್ಲೇ ಇದಾರೆ, ನಾನು ಈಗ ನೋಡ್ತಾ ಇದೀನಿ. ಬೇಸ್! ನಮ್ಮ ಬೇಸ್ ಗಿಟಾರ್ ಅವ್ರೇ!”

ನೋಡಿದೆ. “ಅವರು ನಮ್ಮನೆಯವರು” ಅಂದೆ.

“ನಟರಾ?”

“ಹೂಂ ಅನ್ನಬಹುದು.”

“ನೀವು ಯಾವತ್ತೂ ಯಾವ ಸಿನಿಮಾಕ್ಕೂ ಹಾಕಿಲ್ವಾ?”

ಇಲ್ಲ. ಈ ಆಫೀಸು ತೆರೆದ ದಿನ ಮಾಡಿಕೊಂಡ ನಿಯಮ: ನೆಂಟರಿಗೆ ಇಲ್ಲಿ ಪಾತ್ರವಿಲ್ಲ. ನಿಯಮ ಇರುವುದರಿಂದಲೇ ನನ್ನ ಮಾತಿಗೆ ಬೆಲೆ. ಇವರೂ ಯಾವತ್ತೂ ಕೇಳಿದವರಲ್ಲ. ಗುಬ್ಬಿ ಜಗ್ಗಲಿಲ್ಲ. ಮತ್ತೊಮ್ಮೆ ಗಾಜಿನಿಂದ ನೋಡಿ ಅಂದಳು. ಅವಳ ಸಮಾಧಾನಕ್ಕೆ ನೋಡಿದೆ. ಕಾಲು ಸರಿಯಿಲ್ಲದ ಕುರ್ಚಿ ಅದು, ಬಂದವರು ಒಮ್ಮೆ ಕೂತರೆ ಎದ್ದು ಬೇರೆ ಕುರ್ಚಿಗೆ ಹೋಗುತ್ತಾರೆ. ಇವರು ಅದು ಅಲುಗದ ಹಾಗೆ ಒಂದು ಪಕ್ಕಕ್ಕೆ ಭಾರ ಹಾಕಿ ಕೂತಿದ್ದರು. ತೊಡೆಯ ಮೇಲೆ ಹೆಲ್ಮೆಟ್ಟು, ಅದರ ಮೇಲೆ ಎರಡೂ ಕೈ. ಯಾರೂ ನೋಡದ ಮನುಷ್ಯನ ಪಾತ್ರಕ್ಕೆ ಇದಕ್ಕಿಂತ ಸರಿಯಾದವರು ಸಿಗುವುದಿಲ್ಲ, ಅದು ಸತ್ಯ.

ಮನೆಗೆ ಬಂದು ಯೋಚಿಸಿದೆ. ಒಂದೇ ಒಂದು ಸಲ ನಿಯಮ ಸಡಿಲಿಸಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಪೇಂಟ್ ಅಂಗಡಿಗೆ ಹೋಗುವ ಮುಂಚೆ ನೆನಪಿಗೊಂದು ಉಡುಗೊರೆಯ ಹಾಗೆ ಇರಲಿ. ನಾಳೆ ಹೇಳುತ್ತೇನೆ, ಎಷ್ಟು ಸಂತೋಷಪಡುತ್ತಾರೋ.

ಮಾರ್ಚ್ ೧೨, ಬುಧವಾರ

ಸಂತೋಷಪಡಲಿಲ್ಲ.

ಊಟಕ್ಕೆ ಕೂತಾಗ ಹೇಳಿದೆ. ನಿಯಮ ಮುರಿಯುತ್ತಿದ್ದೇನೆ ಎಂಬುದನ್ನೂ ಹೇಳಿದೆ, ಗೊತ್ತಿರಲಿ ಎಂದು. ಇವರು ತುತ್ತು ನುಂಗಿ, ನೀರು ಕುಡಿದು ಕೇಳಿದರು.

“ಬೇಸ್ ಅಂದ್ರೆ, ಮೂಲೇಲಿ ಸುಮ್ಮನೆ ನಿಂತಿರೋನು?”

“ಹೂಂ ರೀ. ಒಂದು ಡೈಲಾಗೂ ಇಲ್ಲ. ನಿಮಗೆ ಕಷ್ಟಾನೇ ಇಲ್ಲ.”

“ಆ ಪಾತ್ರ ಬೇಡ. ಅದನ್ನ ಮನೇಲಿ ಮಾಡ್ತಾನೇ ಇದೀನಲ್ಲ.”

ತಮಾಷೆ ಎಂದುಕೊಂಡು ನಕ್ಕೆ. ಇವರು ನಗಲಿಲ್ಲ. “ಆ ಗಾಯಕನ ಪಾತ್ರಕ್ಕೆ ನನ್ನ ನೋಡ್ತೀಯಾ?” ಎಂದರು.

ಆಗ ನಿಜವಾಗಿ ನಗು ಬಂತು, ತಡೆಯಲಾಗಲಿಲ್ಲ. ಹಾಡು ನಿಲ್ಲಿಸುವವನು ಇವರು! ತರಕಾರಿ ಅಂಗಡಿಯಲ್ಲಿ ತಕ್ಕಡಿಯವನು ಕೊಳೆತದ್ದು ಹಾಕಿದರೂ “ಪರವಾಗಿಲ್ಲ” ಎನ್ನುವವರು. ನಾನು ನಗುತ್ತಿರುವಾಗಲೇ ತಟ್ಟೆ ಎತ್ತಿಕೊಂಡು ಹೋದರು. ತೊಳೆದೂ ಇಟ್ಟರು. ನನ್ನದನ್ನೂ ತೊಳೆದಿಟ್ಟರು. ಅದು ಯಾಕೋ ಮುಖಕ್ಕೆ ಹೊಡೆದ ಹಾಗಾಯಿತು.

ಕೊಟ್ಟದ್ದನ್ನು ಬೇಡ ಅನ್ನುವವರಿಗೆ ಯಾರು ತಾನೆ ಏನು ಮಾಡಲು ಸಾಧ್ಯ. ಬೇರೆಯವರನ್ನು ನೋಡುತ್ತೇನೆ.

ಮಾರ್ಚ್ ೧೩, ಗುರುವಾರ

ಇವರು ಕರೆಯಲು ಬರಲಿಲ್ಲ. ಬಸ್ಸಿನಲ್ಲಿ ಬಂದೆ. ಏನೂ ತೊಂದರೆಯಾಗಲಿಲ್ಲ.

ಮಾರ್ಚ್ ೧೫, ಶನಿವಾರ

ಗಾಯಕ ಸಿಗುತ್ತಿಲ್ಲ. ನನ್ನ ತಪ್ಪಲ್ಲ, ಗುಬ್ಬಿಯ ತಕರಾರು ಜಾಸ್ತಿ. ರಂಗಭೂಮಿಯ ಹೆಸರಾಂತ ನಾಯಕನೊಬ್ಬ ಬಂದು ಮೈಕು ಎತ್ತಿ ಒಗೆದು ಕಿರುಚಿ ತೋರಿಸಿದ. ಕೋಣೆ ನಡುಗಿತು. ಎಣಿಸಲೆಂದು ಕರೆಸಿದ್ದ ಡಾಕ್ಟರಮ್ಮ ಅದನ್ನು ಬಿಟ್ಟು ಅವನ ಒಸಡು ನೋಡುತ್ತಿದ್ದಳು. ಗುಬ್ಬಿ ತಲೆಯಾಡಿಸಿದಳು.

“ಕೋಪದಿಂದ ನಿಲ್ಲಿಸೋನು ಬೇಡ ಮೇಡಂ. ಅವನಿಗೆ ಕೋಪಾನೇ ಇಲ್ಲ. ಎಲ್ಲಾ ತನಗೇ ಗೊತ್ತು, ನಿಮ್ಮ ಒಳ್ಳೇದಕ್ಕೇ ನಿಲ್ಲಿಸ್ತಾ ಇದೀನಿ ಅಂತ ನಂಬಿರೋ ಮನುಷ್ಯ. ನಗುನಗ್ತಾ ನಿಲ್ಲಿಸ್ಬೇಕು. ಅಂಥೋರು ನಿಮಗೆ ಯಾರೂ ಗೊತ್ತಿಲ್ವಾ?”

ಬಹಳ ಯೋಚಿಸಿದೆ. ಅಂಥವರು ಯಾರೂ ನನಗೆ ಪರಿಚಯವಿಲ್ಲ.

ಬೇಸ್ ಗಿಟಾರಿಗೂ ಇಬ್ಬರನ್ನು ನೋಡಿದೆ. ಇಬ್ಬರೂ ಕಣ್ಣಿಗೆ ಬೀಳದ ಹಾಗೆ ಕೂರಲು ಬಹಳ ಶ್ರಮಪಟ್ಟು ಎದ್ದು ಕಾಣುತ್ತಿದ್ದರು. ಮೂಲೆಯ ಕುರ್ಚಿ ಖಾಲಿ. ನಡುವೆ ಒಂದೆರಡು ಸಲ ಸುಮ್ಮನೆ ಆ ಕಡೆ ನೋಡಿದೆ.

ಮಾರ್ಚ್ ೧೮, ಮಂಗಳವಾರ

ಎಲ್ಲಿಂದ ಶುರು ಮಾಡಲಿ! ಬೆಳಗ್ಗೆ ಗಾಜಿನ ಆಚೆ ನೋಡುತ್ತೇನೆ, ಕಾಯುವವರ ನಡುವೆ ಇವರು. ಇಸ್ತ್ರಿ ಮಾಡಿದ ಅಂಗಿ, ಸರಿಯಾದ ಕುರ್ಚಿ, ಕಾಲ ಮೇಲೆ ಕಾಲು. ನನಗೆ ರೇಗಿಹೋಯಿತು. ಹೊರಗೆ ಹೋಗಿ, “ಇದೇನ್ರೀ ಇದು?” ಎಂದೆ.

“ಗಾಯಕನ ಪಾತ್ರಕ್ಕೆ ಬಂದಿದೀನಿ ಮೇಡಂ” ಎಂದರು. ಮೇಡಂ ಅಂತೆ! ಮಿಕ್ಕವರೆಲ್ಲ ನೋಡುತ್ತಿದ್ದರು. ಗುಬ್ಬಿ ಬೇರೆ ಬಾಗಿಲಲ್ಲಿ ನಿಂತಿದ್ದಳು. ಏನು ಮಾಡಲಿ, ಸರದಿ ಬಂದಾಗ ಕರೆದೆ.

ಡಾಕ್ಟರಮ್ಮ ಎಣಿಸಿದಳು. ಕೋಚ್ ಗೋಡೆ ನೋಡುತ್ತ ಗಿಟಾರ್ ಹಿಡಿದ. ‘ಫೋರ್’ ಎನ್ನುವಾಗ ಇವರು ಹುಬ್ಬಿನ ಹತ್ತಿರ ಎರಡು ಬೆರಳು ತಂದು ಏನನ್ನೋ ಹಣೆಯ ಮೇಲಕ್ಕೆ ತಳ್ಳಿದರು. ಆಮೇಲೆ ಅಂಗೈ. ಮೆಲ್ಲಗೆ, ಮಗುವಿನ ಕೈಯಿಂದ ಚಾಕು ತೆಗೆದುಕೊಳ್ಳುವ ಹಾಗೆ. ಮುಖದಲ್ಲಿ ಎಂಥ ಕರುಣೆ! “ತುಂಬಾ ಚೆನ್ನಾಗಿತ್ತು” ಎಂದರು ಡಾಕ್ಟರಮ್ಮನಿಗೆ, “ಆದರೆ…”

ಅಷ್ಟೇ. ಡಾಕ್ಟರಮ್ಮ ಡ್ರಮ್ಮಿನ ಕೋಲು ಕೆಳಗೆ ಬಿಟ್ಟಳು. ಮತ್ತೆ ಎಣಿಸಿದಳು, ಮತ್ತೆ ಅಂಗೈ. ಈ ಸಲ ಕೋಚಿನ ಹೆಗಲು ತಟ್ಟಿ, “ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು” ಎಂದರು. ಗೋಡೆಯಿಂದ ಮುಖ ತಿರುಗಿಸಿದ್ದೇ ಕಾಣದ ಆ ಕೋಚ್ ತಿರುಗಿ ಇವರನ್ನು ನೋಡಿ, ನನ್ನನ್ನು ನೋಡಿ, ಬಾಯಿಗೆ ಕೈ ಅಡ್ಡ ಹಿಡಿದ. ಡಾಕ್ಟರಮ್ಮನಿಗೆ ಕಣ್ಣಲ್ಲಿ ನೀರು. ಗುಬ್ಬಿ ನನ್ನತ್ತ ಒಮ್ಮೆ ನೋಡಿ ನೆಲ ನೋಡುತ್ತ ನಿಂತಳು, ಕಿವಿ ಕೆಂಪಾಗಿತ್ತು. ನಾನೂ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆ. ಎಂಥ ಅಸಹ್ಯ ಮನುಷ್ಯನನ್ನು ಕಣ್ಣೆದುರು ತಂದು ನಿಲ್ಲಿಸಿದರು! ನೋಡಿದ ತಕ್ಷಣ ಒಂದು ಬಿಡಬೇಕು ಅನ್ನಿಸುತ್ತದೆ, ಆದರೆ ಅವನು ಎಷ್ಟು ಒಳ್ಳೆಯವನೆಂದರೆ ಬಿಡಲಾಗುವುದಿಲ್ಲ.

ಎಲ್ಲರ ಮುಂದೆ ಹೇಳಿದೆ, ಪಾತ್ರ ಇವರದೇ ಎಂದು. ನಿಯಮ ನಾನು ಮಾಡಿದ್ದು, ನಾನೇ ತೆಗೆಯುತ್ತೇನೆ. ಕಣ್ಣೆದುರಿಗಿರುವುದನ್ನು ಇಲ್ಲವೆನ್ನಲು ನನಗೆ ಬರುವುದಿಲ್ಲ. ಗುಬ್ಬಿ ಓಡಿಬಂದು ನನ್ನ ಕೈ ಹಿಡಿದುಕೊಂಡು, “ನೀವು ತುಂಬಾ ದೊಡ್ಡವರು ಮೇಡಂ” ಎಂದಳು. ಇಷ್ಟಕ್ಕೆ ಅಷ್ಟೊಂದು ಯಾಕೆ ಎಂದು ತಿಳಿಯಲಿಲ್ಲ.

ಒಂದು ಮಾತು. ಈ ಮನುಷ್ಯನನ್ನು ನಾನು ಎಲ್ಲೋ ನೋಡಿದ್ದೇನೆ.

ಮಾರ್ಚ್ ೨೦, ಗುರುವಾರ

ಇವರು ಯಾರನ್ನು ನೋಡಿ ಮಾಡುತ್ತಿದ್ದಾರೆ? ತಲೆಯಲ್ಲಿ ಅದೇ ಕೊರೆಯುತ್ತಿದೆ. ಸ್ಕೂಟರಿನಲ್ಲಿ ಹಿಂದಿನಿಂದ ಕೂಗಿ ಕೇಳಿದರೆ, “ಪರಿಚಯದೋರೇ” ಎಂದು ಗಾಳಿಗೆ ಹೇಳಿದರು. ಹಳೆಯ ಮನೆಯ ಮಾಲೀಕರೋ ಎಂದುಕೊಂಡೆ, ಅವರು ಗದರುವವರು, ನಗುವವರಲ್ಲ. ಕೊನೆಗೆ ಹೊಳೆಯಿತು: ನನ್ನಣ್ಣ! ಅಂಗಡಿಗೆ ನೀಲಿ ಬಣ್ಣ ಬೇಕೆಂದು ಬಂದವರಿಗೆ “ನೀಲಿ ಚೆನ್ನಾಗಿದೆ, ಆದರೆ…” ಎಂದು ಹಳದಿ ಕೊಟ್ಟು ಕಳಿಸುವವನು.

ಫೋನ್ ಮಾಡಿದೆ. “ಅಣ್ಣ, ಬೇಜಾರು ಮಾಡ್ಕೋಬೇಡ, ನಿನ್ನನ್ನ ಅಣಕಿಸ್ತಿದಾರೆ ಇವರು. ಶನಿವಾರ ತಾಲೀಮು ಇದೆ, ಬಂದು ನೋಡು. ಮೊದಲೇ ಗೊತ್ತಿರಲಿ ಅಂತ ಹೇಳ್ದೆ.”

“ಬರ್ತೀನಿ ಬಿಡಮ್ಮ, ನನ್ನನ್ನ ನಾನು ನೋಡೋದು ಯಾವಾಗ” ಎಂದ. ಅವನದು ದೊಡ್ಡ ಮನಸ್ಸು. ಎಲ್ಲರಿಗೂ ಹಾಗೆ ತೆಗೆದುಕೊಳ್ಳಲು ಆಗುವುದಿಲ್ಲ.

ಮಾರ್ಚ್ ೨೨, ಶನಿವಾರ

ಹಾಲಿನವರು ಇವತ್ತೊಂದು ಹೊತ್ತು ಮೊದಲೇ ಬಿಟ್ಟುಕೊಟ್ಟಿದ್ದರು, ಅಲ್ಲೇ ತಾಲೀಮು. ಅಣ್ಣ ಮುಂದಿನ ಸಾಲಿನಲ್ಲಿ ಕೂತಿದ್ದ. ಎಣಿಕೆ ಶುರುವಾದಾಗ ಬೆಳಕು ಸರಿಯಿಲ್ಲ ಅನ್ನಿಸಿ ನಿಲ್ಲಿಸಲು ಹೋದೆ. ಕನ್ನಡಕ ಹಣೆಗೇರಿಸಿ ಅಂಗೈ ಎತ್ತಿದೆ. ಅದೇ ಗಳಿಗೆಯಲ್ಲಿ ವೇದಿಕೆಯ ಮೇಲೆ ಇವರೂ ಎತ್ತಿದರು.

ಎರಡು ಕೈ, ಒಂದು ಕೆಳಗೆ, ಒಂದು ಮೇಲೆ. ಅಣ್ಣ ನನ್ನನ್ನು ನೋಡಿದ, ಇವರನ್ನು ನೋಡಿದ, ಮತ್ತೆ ನನ್ನನ್ನು ನೋಡಿದ.

“ಇದ್ರಲ್ಲಿ ಅಸಲಿ ಯಾರಮ್ಮಾ?” ಎಂದ.

ಅದು ನಾನು.

ಮಾರ್ಚ್ ೨೩, ಭಾನುವಾರ

ನಿನ್ನೆ ಒಬ್ಬಳೇ ನಡೆದುಕೊಂಡು ಬಂದೆ. ಅವಮಾನವಾಗಿದೆ. ಹಾಗೆಂದು ಬರೆಯಲು ನನಗೇನೂ ನಾಚಿಕೆಯಿಲ್ಲ. ಡಾಕ್ಟರಮ್ಮ, ಕೋಚ್, ಆ ಗುಬ್ಬಿ, ಎಲ್ಲರಿಗೂ ಮೊದಲ ದಿನವೇ ತಿಳಿದಿದೆ. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಹತ್ತು ಗಂಟೆಗೆ ಗುಬ್ಬಿಯ ಫೋನ್. “ಮೇಡಂ, ಆಯ್ಕೆ ನಿಮ್ಮದು. ನೀವು ಬೇಡ ಅಂದ್ರೆ ಅವರನ್ನ ತೆಗೀತೀನಿ. ಇವತ್ತೊಂದಿನ ಇದೆ, ಹೇಗಾದ್ರೂ ಮಾಡ್ತೀನಿ.”

ಯೋಚಿಸಿ ಹೇಳುತ್ತೇನೆ ಎಂದೆ. ಬೇಡ ಎಂದರೆ ಮುಗಿಯಿತು. ಒಂದನೇ ತಾರೀಖು ಬಂದರೆ ಇವರು ಕೌಂಟರಿನ ಹಿಂದೆ. ಆಮೇಲೆ ಯಾರೂ ನಗುವುದಿಲ್ಲ, ಇವರೂ ಯಾವತ್ತೂ ಯಾರ ಪಾತ್ರವನ್ನೂ ಮಾಡುವುದಿಲ್ಲ.

ಇವರು ಹಿತ್ತಲ ಬಾಗಿಲಲ್ಲಿ ಕೂತು ಚಪ್ಪಲಿಯ ಬಾರು ಹೊಲಿಯುತ್ತಿದ್ದರು. ಎದುರಿಗೆ ಹೋಗಿ ನಿಂತೆ.

“ರೀ, ನಾನು ಹಾಗಾ?”

ತಲೆ ಎತ್ತಲಿಲ್ಲ. ದಾರ ಹಲ್ಲಿನಿಂದ ಕತ್ತರಿಸಿ ಹೇಳಿದರು. “ಪೂರ್ತಿ ಹಾಗಲ್ಲ. ಸ್ವಲ್ಪ ಕಮ್ಮಿ ಮಾಡಿದೀನಿ. ಇದ್ದ ಹಾಗೇ ಮಾಡಿದ್ರೆ ಯಾರೂ ನಂಬಲ್ಲ.”

ಹೊಡೆಯಬೇಕೋ ನಗಬೇಕೋ ತಿಳಿಯಲಿಲ್ಲ. “ಎಲ್ಲಿ ನೋಡಿ ಕಲಿತ್ರಿ ಇಷ್ಟೊಂದು?” ಎಂದು ಕೇಳಿದೆ.

“ನಿನ್ನ ಆಫೀಸಲ್ಲೇ. ಸಂಜೆ ನೀನು ಹೊರಗಡೆ ದೀಪ ಆರಿಸಿ ಒಳಗಡೆ ಹಾಕ್ಕೊಳ್ತೀಯಲ್ಲ, ಆವಾಗ ಆ ಗಾಜು ಉಲ್ಟಾ ಆಗುತ್ತೆ. ಒಳಗಿಂದು ಎಲ್ಲಾ ನಂಗೆ ಕಾಣ್ಸುತ್ತೆ. ಫೋನಲ್ಲೂ ಕೈ ಎತ್ತುತ್ತೀಯ ನೀನು, ಗೊತ್ತಾ? ಆ ಕಡೆಯೋರಿಗೆ ಕಾಣಲ್ಲ ಅಂತ ಗೊತ್ತಿದ್ರೂ.”

ಇಷ್ಟು ವರ್ಷ ಆ ಗಾಜಿಗೆ ಒಂದೇ ಕಡೆ ಎಂದುಕೊಂಡಿದ್ದೆ. “ದಿನಾ ಅದನ್ನೇ ನೋಡ್ತಾ ಕೂತಿದ್ರಾ?”

“ಇನ್ನೇನು ನೋಡ್ಲಿ? ಫೋನ್ ಇಟ್ಟಾದ್ಮೇಲೆ ಕೆಲವು ಸಲ ನಿನ್ನ ಮುಖ ಹೇಗಾಗ್ತಿತ್ತು ಅಂದ್ರೆ… ಬೇಡ ಅಂದಿದ್ದು ನಿನಗೇ ನೋಯ್ತಿತ್ತು. ಅದನ್ನೂ ಹಾಕಿದೀನಿ ಪಾತ್ರದಲ್ಲಿ. ನೀನು ನಗ್ತಾ ಇದ್ಯಲ್ಲ, ಗಮನಿಸ್ಲಿಲ್ಲ.”

ಎದ್ದು ಹೋಗಿ ಚಪ್ಪಲಿ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡಿದರು. ನನ್ನ ಚಪ್ಪಲಿ ಅದು, ಅವರ ಕಾಲಿಗೆ ಚಿಕ್ಕದು. ನನಗೆ ಅಳು ಬಂತು. ಕೋಪವೋ, ದುಃಖವೋ, ಇಷ್ಟು ದಿನ ಯಾರೋ ನನ್ನನ್ನು ಇಷ್ಟು ಗಮನವಿಟ್ಟು ನೋಡಿದ್ದಾರೆಂಬ ಸಂತೋಷವೋ, ಬೇರ್ಪಡಿಸಲಾಗಲಿಲ್ಲ. ಅತ್ತು ಮುಗಿಸಿ ಗುಬ್ಬಿಗೆ ಫೋನ್ ಮಾಡಿದೆ.

“ಅವರೇ ಇರಲಿ. ಆ ಪಾತ್ರಕ್ಕೆ ಅವರನ್ನ ಬಿಟ್ರೆ ನಾನೇ ಆಗ್ಬೇಕು, ಸುಮ್ಮನೆ ನೀನು ಸಿಕ್ಕಿಹಾಕ್ಕೋತೀಯ.”

ಗುಬ್ಬಿ ಕಿರುಚಿದ ರಭಸಕ್ಕೆ ಫೋನ್ ಕಿವಿಯಿಂದ ದೂರ ಹಿಡಿದೆ. ಆಯ್ಕೆಯ ವಿಷಯದಲ್ಲಿ ನಾನು ಯಾವತ್ತೂ ಸ್ವಂತ ಭಾವನೆಗಳನ್ನು ನಡುವೆ ತಂದವಳಲ್ಲ.

ಮಾರ್ಚ್ ೨೪, ಸೋಮವಾರ

ಚಿತ್ರೀಕರಣದ ಮೊದಲ ದಿನ, ಬೇಸ್ ಗಿಟಾರಿಗೆ ಇನ್ನೂ ಯಾರೂ ಇಲ್ಲ. ಕೊನೆಗೆ ಒಪ್ಪಿದ್ದ ಮುದುಕರಿಗೆ ಜ್ವರ. ಗುಬ್ಬಿ ಆ ವಾದ್ಯ ಹಿಡಿದುಕೊಂಡು ನನ್ನ ಮುಂದೆ ಬಂದು ನಿಂತಳು. ಕಣ್ಣೇ ಹೇಳುತ್ತಿತ್ತು.

ಆಯಿತು ಎಂದೆ. ಮೂಲೆಯಲ್ಲಿ ಸುಮ್ಮನೆ ನಿಲ್ಲುವುದು ಏನು ಮಹಾ. ನೂರಾರು ಜನರಿಗೆ ಹೇಗೆ ನಿಲ್ಲಬೇಕೆಂದು ಹೇಳಿಕೊಟ್ಟವಳು.

ಮೊದಲ ಟೇಕಿನಲ್ಲಿ ಕೋಚಿಗೆ ಸ್ವಲ್ಪ ಸರಿದು ನಿಲ್ಲಲು ಹೇಳಿದೆ. ಎರಡನೆಯದರಲ್ಲಿ ಕ್ಯಾಮೆರಾದವನಿಗೆ ಹೇಳಿದೆ. ಮೂರನೆಯದರಲ್ಲಿ ಏನೂ ಹೇಳಲಿಲ್ಲ, ಆದರೆ ‘ಫೋರ್’ ಎನ್ನುವಾಗ ನನ್ನ ಬಾಯಿಂದಲೇ “ಕಟ್” ಹೊರಬಿತ್ತು. ಆಗ ಇವರು ಪಾತ್ರದಲ್ಲಿದ್ದ ಹಾಗೇ ನನ್ನ ಕಡೆ ತಿರುಗಿ, ಹಣೆಗೆ ಎರಡು ಬೆರಳು ಮುಟ್ಟಿಸಿ, ಅಂಗೈ ಎತ್ತಿ, ಅಷ್ಟು ಪ್ರೀತಿಯಿಂದ ಹೇಳಿದರು.

“ತುಂಬಾ ಚೆನ್ನಾಗಿತ್ತು. ಆದರೆ ಇಲ್ಲಿ ನಿಲ್ಲಿಸೋದು ನಾನು.”

ಹಾಲಿನಲ್ಲಿದ್ದವರೆಲ್ಲ ನಕ್ಕರು. ಅದನ್ನೇ ಸಿನಿಮಾದಲ್ಲಿ ಇಟ್ಟುಕೊಳ್ಳುತ್ತೇನೆ ಎಂದಳು ಗುಬ್ಬಿ.

ಮಾರ್ಚ್ ೨೮, ಶುಕ್ರವಾರ

ಮುಗಿಯಿತು. ಹಾಡು ಕೊನೆಗೂ ಶುರುವಾಗಲಿಲ್ಲ.

ಈ ವಾರವೆಲ್ಲ ಬೇರೆ ಕೆಲಸವಿಲ್ಲದೆ ಗಂಡನ ಬೆನ್ನು ನೋಡುತ್ತ ನಿಂತಿದ್ದೆ. ಮದುವೆಯಾದ ಹೊಸತರಲ್ಲೂ ಇಷ್ಟು ನೋಡಿರಲಿಲ್ಲ. ಕೈ ಎತ್ತುವ ಮುಂಚೆ ಬಲ ಹೆಗಲು ಒಂದಿಷ್ಟು ಕುಸಿಯುತ್ತದೆ, ಬೇಡವೆನ್ನಲು ಮನಸ್ಸಿಲ್ಲದವರ ಹಾಗೆ. ಕೈ ಇಳಿಸಿದ ಮೇಲೆ ಒಂದು ಗಳಿಗೆ ಎಲ್ಲಿಗೋ ಹೋಗಿಬಿಡುತ್ತಾರೆ. ಪ್ರತಿ ಸಲವೂ ಅದೇ ಕೆಲಸ, ಪ್ರತಿ ಸಲವೂ ಬೇರೆ. ಇವತ್ತು ಕೊನೆಯ ಟೇಕಿನಲ್ಲಿ ನನಗೆ ಆ ಅಸಹ್ಯ ಮನುಷ್ಯನ ಮೇಲೆ ಕನಿಕರ ಹುಟ್ಟಿತು, ಪಾಪ, ಅವನಿಗೂ ಹಾಡು ಕೇಳುವ ಆಸೆ ಇದೆಯಲ್ಲ ಎಂದು. ಹೆಣದ ಪಾತ್ರವನ್ನೂ ಹೀಗೇ ಮಾಡಿದ್ದರೋ ಏನೋ. ನೋಡಲು ನಾನು ಹೋಗಿರಲಿಲ್ಲ.

ಮಾರ್ಚ್ ೩೦, ಭಾನುವಾರ

ಅಣ್ಣ ಫೋನ್ ಮಾಡಿದ್ದ. “ನಾಡಿದ್ದು ಭಾವ ಎಷ್ಟೊತ್ತಿಗೆ ಬರ್ತಾರಮ್ಮ? ಕೌಂಟರ್ ಖಾಲಿ ಮಾಡಿಸಿದೀನಿ.”

ಹೇಳಲು ಬಾಯಿ ತೆರೆದೆ. ಬರುವುದಿಲ್ಲ ಎನ್ನಬೇಕೆಂದಿದ್ದೆ, ಅವರು ಎಂಥ ನಟರೆಂದು ನಿನಗೆ ಗೊತ್ತಿಲ್ಲವೇ ಎನ್ನಬೇಕೆಂದಿದ್ದೆ. ಯಾಕೋ ಹೇಳದೆ ಫೋನನ್ನು ಇವರ ಕೈಗೆ ಕೊಟ್ಟೆ.

“ಇಲ್ಲ ಭಾವ, ನಾನು ಬರಲ್ಲ” ಎಂದರು. “ಮೊದಲೇ ಹೇಳ್ತಿದ್ದೆ. ಯಾರೂ ಕೇಳಿರ್ಲಿಲ್ಲ.”

ಕೇಳಿರಲಿಲ್ಲವೇ? ನೆನಪು ಮಾಡಿಕೊಂಡು ನೋಡಿದೆ. ಹೇಳಿದ್ದೆ. ಕೇಳಿರಲಿಲ್ಲ.

ಏಪ್ರಿಲ್ ೧, ಮಂಗಳವಾರ

ಹೊಸ ಕೆಲಸ ಬಂತು. ದೊಡ್ಡ ಸಿನಿಮಾ, ನಟರೂ ದೊಡ್ಡವರು. ಅದರಲ್ಲಿ ಒಬ್ಬ ನ್ಯಾಯಾಧೀಶನ ಪಾತ್ರ ಇದೆ, ಕಥೆ ನಿಂತಿರುವುದೇ ಅವನ ಮೇಲೆ. ಕಥೆ ಕೇಳುತ್ತಿರುವಾಗಲೇ ಯಾರೆಂದು ನನಗೆ ತಿಳಿಯಿತು. ಗಂಡ ಎಂದಲ್ಲ. ಬೇರೆ ಯಾರ ಗಂಡನಾಗಿದ್ದರೂ ಅವರನ್ನೇ ಆರಿಸುತ್ತಿದ್ದೆ.

ಮಧ್ಯಾಹ್ನ ಮನೆಗೆ ಬಂದು ಹೇಳಿದೆ, “ರೀ, ನಾಳೆ ಬಂದು ಎಲ್ಲರ ಜೊತೆ ಕೂತಿರಿ. ಸರದಿ ಬಂದಾಗ ಕರೀತೀನಿ.”

“ಕೂತಿದ್ದು ಸಾಕು ಕಣೆ” ಎಂದರು. ಕೋಪವಿರಲಿಲ್ಲ, ನಗುತ್ತಲೇ ಹೇಳಿದರು. “ನಿಜವಾಗ್ಲೂ ನಾನು ಬೇಕಿದ್ರೆ ಈಗ್ಲೇ ಕೇಳು.”

ಕೇಳಿದೆ. ಮೇಜಿನ ಎದುರು ಬದುರು ಕೂತು, ದೊಡ್ಡ ನಟರನ್ನು ಕೇಳುವ ಹಾಗೆ ಕೇಳಿದೆ. ಕಥೆ ಏನು ಎಂದರು, ಹೇಳಿದೆ. ನಿರ್ದೇಶಕರು ಯಾರು, ಅವನು ಎಂಥ ನ್ಯಾಯಾಧೀಶ, ಯಾರನ್ನಾದರೂ ಬಿಟ್ಟುಕಳಿಸಿ ಪಶ್ಚಾತ್ತಾಪಪಟ್ಟಿದ್ದಾನೆಯೇ ಎಂದೆಲ್ಲ ಕೇಳಿದರು. ಈ ಕೊನೆಯದು ನನಗೂ ಗೊತ್ತಿರಲಿಲ್ಲ, ಫೋನ್ ಮಾಡಿ ತಿಳಿದುಕೊಂಡು ಹೇಳಿದೆ. ಎಲ್ಲ ಕೇಳಿಸಿಕೊಂಡು, “ಯೋಚನೆ ಮಾಡಿ ಹೇಳ್ತೀನಿ” ಎಂದು ಒಳಗೆ ಹೋದರು.

ನಿರ್ಮಾಪಕರು ಆಗಲೇ ಎರಡು ಸಲ ಫೋನ್ ಮಾಡಿದ್ದಾರೆ. ಯಾರಾದರೂ ಸಿಕ್ಕರೇ ಎಂದು ಕೇಳಿದರು. ಸಿಕ್ಕಿದ್ದಾರೆ, ಅವರು ಇನ್ನೂ ಒಪ್ಪಿಲ್ಲ ಎಂದೆ.

“ಒಪ್ಪಿಲ್ವಾ? ನಮ್ಮ ಸಿನಿಮಾಕ್ಕಾ? ಯಾರ್ ಮೇಡಂ ಅಷ್ಟು ದೊಡ್ಡೋರು? ಬೇರೆಯೋರನ್ನ ನೋಡೋಣ ಬಿಡಿ, ಜನ ಸಾಲಾಗಿ ನಿಂತಿದಾರೆ.”

“ಬೇರೆಯವರು ಬೇಡ. ಸ್ವಲ್ಪ ತಡೀರಿ, ಅವರು ಯೋಚನೆ ಮಾಡ್ತಿದಾರೆ” ಎಂದು ಇಟ್ಟುಬಿಟ್ಟೆ.

ಈಗ ಸಂಜೆಯಾಗಿದೆ. ಇವರ ಕೋಣೆಯ ಬಾಗಿಲು ಮುಚ್ಚಿದೆ. ಒಳಗೆ ನಡೆದಾಡುವ ಸದ್ದು, ನಡುವೆ ಏನೋ ಗೊಣಗಿಕೊಳ್ಳುವ ಸದ್ದು. ಎರಡು ಸಲ ಬಾಗಿಲವರೆಗೆ ಹೋಗಿ ವಾಪಸ್ ಬಂದು ಕೂತೆ. ಟೀ ಮಾಡಿ ಬಾಗಿಲ ಹತ್ತಿರ ಇಟ್ಟು ಬಂದೆ. ಒಪ್ಪುತ್ತಾರೆ, ಅದರಲ್ಲಿ ನನಗೆ ಅನುಮಾನವಿಲ್ಲ. ಒಪ್ಪದೆಯೂ ಇರಬಹುದು. ಕಾಯುವುದು ಇಷ್ಟು ಕಷ್ಟದ ಕೆಲಸವೆಂದು ನನಗೆ ಯಾರೂ ಹೇಳಿರಲಿಲ್ಲ.